ದ್ರೌಪತಿ ಹಾಕದ ಹಾರ

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ... ನಡುವ ಬಾಯಿ ಮಾತ್ರ ಹಾಕಬ್ಯಾಡ್ರಿ. ಇದು ನಮ್ಮ ಘಾಟಬೋರಾಳದಾಗ, ಪಕ್ಕದ ಮನಿ ಶೈಲೇಶಗ ಆದದ್ದು. ಕಾರ್ಗಿಲ್ ಲಡಾಯಿ ಮುಗಿದ ವರ್ಷ, ಆಗಸ್ಟ್ ಹದಿನಾಲ್ಕರ ರಾತ್ರಿ.

ಶೈಲೇಶ ಹುಮನಾಬಾದ್‌ದಾಗ ಔಷಧ ಫ್ಯಾಕ್ಟರಿ ಕೆಲಸಕ್ಕ ಹೋಗಾಂವ. ಎರಡನೇ ಪಾಳಿ ಮುಗಿಸಿ ಲೂನಾ ಮ್ಯಾಲ ಬರಾಕತ್ತಿದ್ದ. ಚೀಲದಾಗ ಅವನ ದೊಡ್ಡಪ್ಪ ಜ್ಞಾನೇಶ್ವರನ ಫೋಟು.

ಜ್ಞಾನೇಶ್ವರ ಎಪ್ಪತ್ತೊಂದರ ಲಡಾಯ್ಯಾಗ ಫೈಟರ್ ವಿಮಾನ ನಡಸ್ತಿದ್ದ. ವಿಮಾನ ಬಿತ್ತು. ಹೆಣ ಸಿಗಲಿಲ್ಲ. ಸತ್ತಾನಂತ ಸರ್ಕಾರದ ಕಾಗದ ಬಂತು... ಅವನ ತಾಯಿ, ಶೈಲೇಶನ ಅಜ್ಜಿ ದ್ರೌಪತಿ ಒಪ್ಪಲಿಲ್ಲ. ವಿಮಾನದ ಏಣಿ ಮ್ಯಾಲ ನಿಂತದ್ದು, ದೋಸ್ತರ ಕೂಡ ನಕ್ಕದ್ದು, ಹೆಲ್ಮೆಟ್ ಹಿಡಕೊಂಡದ್ದು... ಮೂರು ಫೋಟು ದಿನಾ ಸೆರಗಿಲೆ ಒರಸ್ತಿದ್ದಳು. ಹಾರ ಹಾಕಾಕ ಯಾರನ್ನೂ ಬಿಡ್ತಿರಲಿಲ್ಲ. ಹಾರ ಹಾಕೂದು ಸತ್ತವರ ಫೋಟೂಗ.

ಮರುದಿನ ಸಾಲ್ಯಾಗ ಝಂಡಾ ಏರಸೂ ಮುಂದ ಜ್ಞಾನೇಶ್ವರನ ಫೋಟು ಇಡೂಣಂತ ಊರ ಹಿರ್ಯಾ ಮಹಾರುದ್ರಪ್ಪ ಹೇಳಿದ್ದ. ಶೈಲೇಶ ಅಜ್ಜಿಗೆ ಗೊತ್ತಾಗದಂಗ ಒಂದು ಒಯ್ದು ದೊಡ್ಡದು ಮಾಡಸಿದ. ಫೋಟು ತಗಿಯೂ ಗಯಾಸುದ್ದೀನ್ ಕೇಳದೇ ಅದರ ಮ್ಯಾಲ ಗಂಧದ ಹಾರ ಬಣ್ಣದಲೆ ಬರದು, ಹಣಿಗೆ ಕುಂಕುಮಾನೂ ಇಟ್ಟಿದ್ದ. ಹಳೇ ಫೋಟು ದೊಡ್ಡದು ಮಾಡಂದ್ರ ಫೋಟುದವರ ರಿವಾಜೇ ಅದು. ಪಾಪ, ಅವನದೇನು ತಪ್ಪು?

ಆಲದ ಮರದ ಬಾವಿ ಹತ್ರ ಲೂನಾ ಗಕ್ಕಂತ ನಿಂತಿತು. ಪೆಟ್ರೋಲ್ ಇತ್ತು... ಮ್ಯಾಲಿಂದ ಸುಂಯ್ಯ್... ಅಂತ ಸಣ್ಣ ಸಿಳ್ಳು ಇಳಕೋತ ಬಂತು. ಬಿದ್ದ ಸಪ್ಪಳ ಆಗಲಿಲ್ಲ. ಬಾವಿಕಟ್ಟಿ ಮ್ಯಾಲ ಬೂಟು... ಟಕ್... ಟಕ್...

"ಯಾರ್ರಿ?"

"ಹಸಿವ್ಯಾಗ್ಯಾದೋ..." ಕಿವಿ ಬುಡದಾಗೇ.

ಲೂನಾ ಅಲ್ಲೇ ಒಗದು, ಚೀಲ ಅವಚಿಕೊಂಡು ಓಡಿ ಬಂದ. ಅವನ ಕೂಗಿಗೆ ಓಣಿ ಎದ್ದಿತು. ನಾನೂ ಹೋದೆ. ದ್ರೌಪತಿ ಎಲ್ಲಾ ಕೇಳಿ, ಫೋಟು ನೋಡಿ, ಕುಂಕುಮ ತಿಕ್ಕಾಕತ್ತಳು.

ಮಹಾರುದ್ರಪ್ಪ ಮೆಲ್ಲಕ ಅಂದ, "ಯವ್ವಾ, ನೀ ಕ್ರಿಯಾಕರ್ಮ ಮಾಡಲಿಲ್ಲ, ಅದಕ್ಕೇ ತಿರಗಾಕತ್ತಾನ. ಹಾರ ಹಾಕು. ಹೊರಗ ಎಡಿ ಇಡು, ಕಾಗಿ ಮುಟ್ಟಲಿ."

"ಸತ್ತಾಂವಗ ಹಸಿವಿ ಆಗ್ತದೇನೋ? ಹಸದಾನಂದ್ರ ಅಂವ ನನ್ನ ಮಗ. ಕಾಗಿಗೆ ಇಡಂಗಿಲ್ಲ ನಾ. ಮನ್ಯಾಗ ಬಂದು ಉಣ್ಣಲಿ."

ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಾಟಿನ್ಯಾಗ ಹಾಕಿ ಒಲಿ ಮುಂದ ಇಟ್ಟಳು. ಬಾಗಲಾ ತೆರದಿಟ್ಟಳು. ನಮ್ಮನ್ನೆಲ್ಲ ಹೊರಗ ದಬ್ಬಿದಳು. "ಹೋಗ್ರಿ! ತಾಯಿ ಮಗನ ನಡುವ ನಿಮ್ದೇನು?"

ಎಂಥಾ ಹೆಣ್ಮಗಳ್ರಿ ಆಕಿ! ನಮಗ ಅಂಜಿಕಿಲೆ ನಿದ್ದಿ ಹತ್ತಲಿಲ್ಲ, ಆಕಿ ದೀಪ ಸೈತ ಆರಿಸಿದಳು. ನಡುರಾತ್ರ್ಯಾಗ ತಾಟು ಒಮ್ಮೆ ಠಣ್... ಅಂತು. ಅಷ್ಟೇ.

ಬೆಳಗಾಗೂದರಾಗ ಮಹಾರುದ್ರಪ್ಪ ಚೆಂಡುಹೂವಿನ ಹಾರ ಹಿಡಕೊಂಡು ಬಂದ, ಹಿಂದ ನಾನೂ ಇದ್ದೆ. ದ್ರೌಪತಿ ಬಾಗಲಕ್ಕ ಅಡ್ಡ ನಿಂತಳು. "ಹಾರ ತಿರಗಿ ಒಯ್ಯೋ. ರಾತ್ರಿ ಉಂಡು ಹೋಗ್ಯಾನ."

ಒಲಿ ಮುಂದ ತಾಟು ತೊಳದು ಗ್ವಾಡಿಗೆ ಆನಿಸಿ ಇಟ್ಟಿತ್ತು.

"ನೀನೇ ತೊಳದೀ," ಅಂದ ಮಹಾರುದ್ರಪ್ಪ.

"ನಾ ಯಾಕ ತೊಳೀಲಿ? ಟ್ರೇನಿಂಗಿಗೆ ಹೋಗಿ ಬಂದಾಗಿಂದ ತನ್ನ ತಾಟು ತಾನೇ ತೊಳೀತಿದ್ದ."

ಆ ಹಾರ ಮಹಾರುದ್ರಪ್ಪನ ಕೈಯಾಗೇ ಉಳೀತು. ನಮ್ಮ ಓಣ್ಯಾಗ ಉಂಡ ತಾಟು ತೊಳಿಯೂ ಗಂಡಸು ಇನ್ನೊಬ್ಬ ಇದ್ರ ತೋರಸ್ರಿ, ನೋಡೂಣ. ಸುಳ್ಳಲ್ರಿ... ಆಮ್ಯಾಲ ಒಳಗ ಹೋಗಿ ನಾ ಮುಟ್ಟಿ ನೋಡೀನಿ. ತಾಟು ಇನ್ನೂ ಹಸಿ ಇತ್ತು.