ನೆಲ ಅದುರಬೇಕು

ಮಿಕ್ಸಿ ರಿಪೇರಿಗೆ ಕೊಟ್ಟು ಕೂತಿದ್ದ ಅಜ್ಜಿಯ ಕಿವಿಗೆ ಪಕ್ಕದ ಕೌಂಟರಿನ ಗಂಡ-ಹೆಂಡತಿಯ ಮಾತು ತಾನಾಗಿ ಬಂದು ಬೀಳುತ್ತಿತ್ತು.

"ನಾಲ್ಕನೇ ಅಂಗಡಿ ಕಣ್ರೀ ಇದು. ನನ್ನ ಕಾಲು ಬಿದ್ದುಹೋಯ್ತು."

"ಕಡಿಮೆ ರೇಟು ಅಂತ ಯಾವುದೋ ಸಬ್‌ವೂಫರ್ ಸ್ಪೀಕರ್ ಹೊತ್ಕೊಂಡು ಹೋಗೋಕಾಗುತ್ತೇನೇ? ಇದರ ದನಿ ಗೊರಗೊರ ಅಂತಿದೆ."

"ದನಿ ಕಟ್ಕೊಂಡು ಏನ್ರೀ ಮಾಡ್ತೀರಾ? ಮಗಳಿಗೆ ಕಿವಿ ಕೇಳುತ್ತಾ?"

ಅಂಗಡಿಯವನು ನಡುವೆ ಬಾಯಿ ಹಾಕಿದ. "ಮೇಡಂ, ಇದರ ಅಡಿಗೆ ಹಾಕೋ ರಬ್ಬರ್ ಕಾಲು ಫ್ರೀ. ಹಾಲ್‌ನಲ್ಲಿ ನೆಲ ಒಂಚೂರೂ ಅದುರಲ್ಲ."

"ಅಯ್ಯೋ, ಅದುರಲಿ ಅಂತಾನೇ ತಗೊಳ್ತಿರೋದು! ನಮ್ಮ ಪುಟ್ಟಿ ನೆಲಕ್ಕೆ ಅಂಗೈ ಊರಿ ಹಾಡು ಹಿಡೀತಾಳೆ. ರೀ, ನಿಮಗೆ ಎಷ್ಟು ಸಲ ಬಡ್ಕೊಳ್ಳಲಿ?"

ಗಂಡ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. "ಜೋರು ಮಾಡಪ್ಪ... ಹ್ಞಾಂ, ಹಿಮ್ಮಡಿಗೆ ತಾಗ್ತಿದೆ ಕಣೇ!"

"ಇದನ್ನ ಮೊದಲನೇ ಅಂಗಡೀಲಿ ಮಾಡೋಕೆ ಏನಾಗಿತ್ತು?"

ಗೊಣಗುತ್ತಲೇ ಅವಳು ದುಡ್ಡು ಕೊಟ್ಟು ಪೆಟ್ಟಿಗೆಯ ಒಂದು ತುದಿ ಹಿಡಿದಳು, ಅವನು ಇನ್ನೊಂದು. ಇಬ್ಬರೂ ಬಾಗಿಲು ದಾಟಿದರು. ಚಪ್ಪಲಿ ಮಾತ್ರ ಕೌಂಟರಿನ ಮುಂದೆಯೇ ಉಳಿದಿತ್ತು.