ಕಾಟಮ್ಮ ಕೇಳಿದ ಮಾತು

ನಗೋರು ಈಗ್ಲೇ ನಕ್ಕುಬಿಡ್ರಿ, ಆಮೇಲೆ ಬ್ಯಾಡ. ಇದು ನಮ್ಮ ದೊಡ್ಡಮ್ಮನ ಮಗಳು ಹೇಮಶ್ರೀಗೆ ಆಗಿದ್ದು, ಹೋದ ವರ್ಷ. ದೊಡ್ಡಮ್ಮಂಗೆ ಕಣ್ಣಿನ ಆಪರೇಷನ್ ಆಗಿತ್ತು, ನೋಡೋಕೆ ಬಂದಿದ್ಲು. ಗುಡಿಬಂಡೆ ಆಟೋದೋನು ರೋಡಿನಾಗೇ ಇಳಿಸಿ ಹೋದ. ಅಲ್ಲಿಂದ ಊರಿಗೆ ನಡೀಬೇಕು. ದಾರಿಯಾಗೆ ಆಲದ ಮರ, ಪಕ್ಕದಾಗೆ ಹಳೇ ಬಾವಿ. ಹೊತ್ತಾಗಿತ್ತು...

ಹೇಮಕ್ಕ ಹುಚ್ಚಾಸ್ಪತ್ರೆ ನರ್ಸು. ಹಂಗಂದ್ರೆ ಅವಳಿಗೆ ಸಿಟ್ಟು, "ಮಾನಸಿಕ ಆಸ್ಪತ್ರೆ ಅನ್ನೇ" ಅಂತಿದ್ಲು. ವಾರ್ಡಿನಾಗೆ ಎಷ್ಟೋ ವರ್ಷ ಕಚ್ಚಿಸಿಕೊಂಡು, ಉಗಿಸಿಕೊಂಡು ದುಡಿದ್ಲು. ಆಮೇಲೆ ಡಾಕ್ಟರೇಟು ಮಾಡಿದ್ಲು. ಆಗ್ಲಿಂದ ನರ್ಸಿಂಗ್ ಕಾಲೇಜಿನಾಗೆ ಪಾಠ ಹೇಳ್ತಿದ್ಲು.

ಆ ಡಾಕ್ಟರೇಟು ಕೊಡಿಸಿದ್ದು ನಮ್ಮ ಕಡೆ ದೆವ್ವಗಳು. ದೆವ್ವ ಮೆಟ್ಟಿಕೊಂಡೋರನ್ನ ಇಲ್ಲಿ ಆಲದ ಮರದ ತಾವ ಕೂರಿಸ್ತಾರೆ. ಒಂದು ಹಿಡಿ ಕೂದಲು ಮರಕ್ಕಿಟ್ಟು ಮೊಳೆ ಹೊಡೆದು, ಬುಡಕ್ಕೆ ಕತ್ತರಿಸ್ತಾರೆ. ದೆವ್ವ ಮರದಾಗೆ ಉಳೀತೈತಂತೆ. ಅಂಥೋರ ಮನೆ ಮನೆಗೆ ಹೋಗಿ ಹೇಮಕ್ಕ ಕೇಳೋಳು. ನಿದ್ದೆ ಬತ್ತೈತಾ? ಯಾರೂ ಇಲ್ಲದಾಗ ಹೆಸರು ಹಿಡಿದು ಕರೀತಾರಾ? ಸಾಯಬೇಕು ಅನ್ನಿಸ್ತೈತಾ?

ಕುರಿ ಕಾಯೋ ಕಾಟಮ್ಮ ಎಲ್ಲದಕ್ಕೂ ಹೂಂ ಅಂದ್ಲು. "ನನ್ನ ಆಸ್ಪತ್ರೆಗೆ ಕರ್ಕೊಂಡೋಗಕ್ಕ" ಅಂತ ಸೆರಗು ಹಿಡಕಂಡ್ಲು.

"ಬರೋ ವಾರ ಬತ್ತೀನಿ" ಅಂದ್ಲು ಹೇಮಕ್ಕ.

ಬರಲಿಲ್ಲ. ಕೇಳೋದಷ್ಟೇ ನಿನ್ನ ಕೆಲಸ, ವಾಸಿ ಮಾಡೋದಲ್ಲ ಅಂದಿದ್ರಂತೆ ಮೇಲಿನೋರು. ಇಲ್ಲಿ ಕಾಟಮ್ಮ ದಿನಾ ರೋಡಿಗೆ ಬಂದು ಆಟೋ ನೋಡ್ತಾ ಕುಂತಿರೋಳು. ಕೊನೆಗೆ ಮನೆಯೋರು ಮರಕ್ಕೆ ಮೊಳೆ ಹೊಡೆಸಿದ್ರು. ಅವತ್ತೇ ಬಾವಿಗೆ ಬಿದ್ಲು. ಅವಳ ಕತೆಯನ್ನ ಹೆಸರು ಬದಲಾಯಿಸಿ ಹೇಮಕ್ಕ ವರ್ಷಾ ವರ್ಷಾ ಹುಡುಗೀರಿಗೆ ಪಾಠ ಮಾಡ್ತಿದ್ಲು. ಸತ್ತೋಳ ಹೆಸರಲ್ಲಿ ನಾವು ವರ್ಷಕ್ಕೊಂದು ದಿನ ಎಡೆ ಇಕ್ಕಿ ಉಣ್ತೀವಿ. ಇವಳಿಗೆ ತಿಂಗಳು ತಿಂಗಳೂ ಸಂಬಳದ ಊಟ. ನನಗೆ ಹೊಟ್ಟೆ ಉರೀತೈತೆ, ಅದಕ್ಕೇ ಹೇಳ್ತೀನಿ.

ಸರಿ, ಹೋದ ವರ್ಷ ಆಟೋ ಇಳಿದ ಹೇಮಕ್ಕ ಮರದ ತಾವ ಬಂದ್ಲು. ಟಕ್... ಟಕ್... ಮರಕ್ಕೆ ಮೊಳೆ ಬಡಿಯೋ ಸದ್ದು. ನಿಂತ್ಲು. ಸದ್ದೂ ನಿಂತ್ಕೊಂತು. ಬಾವಿ ಕಟ್ಟೆ ಮ್ಯಾಲೆ ಯಾರೋ ಹೆಂಗಸು ಕುಕ್ಕರಗಾಲಾಗೆ ಕುಂತಿದ್ಲು. ಸೀರೆಯಿಂದ ನೀರು ತೊಟ್... ತೊಟ್... ಅಂತ ಬೀಳ್ತಿತ್ತು. ಕಾಟಮ್ಮ ಹೋದ ಮ್ಯಾಲೆ ಆ ಬಾವಿ ಬತ್ತಿ ಯಾವ ಕಾಲ ಆಯ್ತೋ.

"ನಿದ್ದೆ ಬತ್ತೈತಾ ಅಕ್ಕ?" ಮೆಲ್ಲಗೆ ಕೇಳಿದ್ಲು.

ಹೇಮಕ್ಕನ ಬಾಯಿಂದ ನಿಜಾನೇ ಬಂತು. "ಇಲ್ಲ."

"ಯಾರೂ ಇಲ್ಲದಾಗ ಹೆಸರು ಹಿಡಿದು ಕರೀತಾರಾ?"

"...ಕರೀತಾರೆ."

"ಸಾಯಬೇಕು ಅನ್ನಿಸ್ತೈತಾ?"

ಹೇಮಕ್ಕ ಅತ್ಲು. "ನನ್ನ ಬಿಟ್ಟು ಹೋಗಬ್ಯಾಡ ಕಾಟಮ್ಮ, ಏನಾದ್ರೂ ಮಾಡು" ಅಂದ್ಲಂತೆ.

ಹೆಂಗಸು ಎದ್ದು ಸೆರಗು ಕೊಡವಿದ್ಲು. "ಬರೋ ವಾರ ಬತ್ತೀನಿ" ಅಂದ್ಲು.

ಮನೆಗೆ ಬಂದು ಹೇಮಕ್ಕ ಎಲ್ಲಾ ಹೇಳಿದ್ಲು. ಮಗಳು ಡಾಕ್ಟರೇಟು ಅಂತ ಊರೆಲ್ಲಾ ಸಾರಿದ್ದ ದೊಡ್ಡಮ್ಮ ಬೆಳಗಾಗೋದೇ ತಡ, ಮರದ ತಾವ ಎಳಕೊಂಡು ಹೋದ್ಲು. ಹೇಮಕ್ಕ ಬ್ಯಾಡ ಅನ್ನಲಿಲ್ಲ. ಇದು ತಪ್ಪು ಅಂತ ಊರೂರಿಗೆ ಭಾಷಣ ಮಾಡಿದೋಳು, ಕುಂತು ತಲೆ ಬಗ್ಗಿಸಿದ್ಲು.

ಮೊಳೆ ಹೊಡೆಯೋ ಸಂಜೀವಪ್ಪ ಹೇಮಕ್ಕನ ಗೋರಂಟಿ ಹಚ್ಚಿದ ಕೂದಲಿಗೆ ಕೈ ಹಾಕಿ ಹಂಗೇ ನಿಂತ. ಹಿಂದಲೆಯಾಗೆ ಒಂದು ಹಿಡಿ ಕೂದಲು ಬುಡಕ್ಕೆ ಕತ್ತರಿಸಿತ್ತು. "ಆಗಲೇ ಹೊಡೆದೈತಲ್ಲಮ್ಮ" ಅಂದ.

ಆ ವಾರ ಕಾಟಮ್ಮ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹೇಮಕ್ಕ ಕೆಲಸಕ್ಕೆ ರಜ ಹಾಕಿ ಇಲ್ಲೇ ಅವಳೆ. ಸಂಜೆಯಾದ್ರೆ ರೋಡಿಗೆ ಹೋಗಿ ಕುಂತ್ಕೊಂತಾಳೆ.

ಸುಳ್ಳಲ್ಲ ಕಣ್ರಿ, ಆ ಬೆಳಿಗ್ಗೆ ಮರದ ತಾವ ನಾನೂ ಇದ್ದೆ. ಕಾಟಮ್ಮನ ಕಾಲದ ಮೊಳೆ, ತುಕ್ಕು ಹಿಡಿದು ಅರ್ಧ ತೊಗಟೆಯೊಳಗೆ ಹೋಗೈತೆ. ಅದರಾಗೆ ಸಿಕ್ಕಿದ್ದ ಕೂದಲು ಬುಡದಾಗೆ ಬೆಳ್ಳಗೆ, ತುದಿಯಾಗೆ ಗೋರಂಟಿ ಕೆಂಪು. ಮುಟ್ಟಿ ನೋಡಿದೆ... ಇನ್ನೂ ಎಣ್ಣೆ ಜಿಡ್ಡು ಇತ್ತು.