ಬೆನ್ನು ಮಾಡಿ ಕೂತು ಕೇಳಿದ ಪಂದ್ಯ

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಾಚಾರ್ಯರೇ, ಈ ತಂಡವನ್ನು ಕಟ್ಟಿದ ದೈಹಿಕ ಶಿಕ್ಷಣ ನಿರ್ದೇಶಕ ನಿಜಗುಣಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಊಟಕ್ಕೆ ತಡವಾದರೂ ಏಳದೆ ಕುಳಿತಿರುವ ಸಭಿಕರೇ,

ನಮ್ಮ ರಾಮದುರ್ಗದ ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಈ ೨೦೦೫ರಲ್ಲಿ ಹತ್ತು ವರ್ಷ ತುಂಬಿತು. ಅದರ ಇತಿಹಾಸ ಹೇಳಲು ಕಟಕೋಳದ ಈ ಅಂದಾನೆಪ್ಪನನ್ನು ಕರೆಸಿದ್ದಾರೆ. ನಾನು ಒಕ್ಕಲುತನದ ಮನುಷ್ಯ. ಕುಸ್ತಿ ಬಿಟ್ಟರೆ ಬೇರೆ ಆಟ ಅರಿಯೆ. ಹಾಗಾದರೆ ನನ್ನನ್ನೇ ಏಕೆ ಕರೆದರು? ತಂಡದ ಮೊದಲ ನಾಯಕಿ ಶೈಲಜಾ ನನ್ನ ಸೊಸೆ, ಅದಕ್ಕೆ.

ಮೊದಲ ವರ್ಷ ನಿಜಗುಣಪ್ಪನವರು ತರಗತಿ ತರಗತಿ ಅಲೆದರು. ಎಷ್ಟು ಹುಡುಗಿಯರು ಸಿಕ್ಕರು? ಐವರು. ಆಡಲು ಬೇಕಾದವರೂ ಐವರೇ. ಒಬ್ಬಳಿಗೆ ನೆಗಡಿಯಾದರೆ ಇಡೀ ತಂಡವೇ ಸೀನುತ್ತಿತ್ತು! ಅಂಥದರಲ್ಲಿ ಮರುವರ್ಷ ನನ್ನ ಮಗನಿಗೂ ಶೈಲಜಾಳಿಗೂ ಲಗ್ನವಾಯಿತು. ನಿಜಗುಣಪ್ಪನವರು ನಮ್ಮ ಮನೆಗೆ ಬಂದು ಚಹಾ ಮುಟ್ಟದೆ ಕೂತರು.

"ಯಜಮಾನ್ರ, ನಿಮ್ಮ ಸೊಸಿ ಬಿಟ್ರ ನಮ್ಮ ಟೀಮ್ ಮುಳಗತೈತ್ರಿ."

"ಆಡ್ಲಿ ಬಿಡ್ರಿ. ಮೊದಲ ಚಾ ಕುಡೀರಿ" ಎಂದೆ. ಕ್ರೀಡಾಕ್ಷೇತ್ರಕ್ಕೆ ನನ್ನ ಕೊಡುಗೆ ಇಷ್ಟೇ.

ಆದರೆ ಆಗಿನ ಆಡಳಿತ ಮಂಡಳಿ ಹಟ ಹಿಡಿದಿತ್ತು. ಈ ವರ್ಷ ಒಂದು ಕಪ್ ತರದಿದ್ದರೆ ತಂಡವೇ ಬೇಡ ಎಂದಿತು. ಕಿತ್ತೂರಿನ ಪಂದ್ಯಾವಳಿಯಲ್ಲಿ ನಮ್ಮವರು ಅಂತಿಮ ಪಂದ್ಯಕ್ಕೆ ಬಂದರು. ನನ್ನ ಹೆಂಡತಿ ರಾಯವ್ವ ಐವರಿಗೂ ರೊಟ್ಟಿ ಬುತ್ತಿ ಕಟ್ಟಿದಳು. ನಾನು ಗಂಟು ಹಿಡಿದು ಬಸ್ ಹತ್ತಿದೆ. ಹೋಗಿ ಅಂಗಳದ ಅಂಚಿಗೆ, ಗೋಡೆಯ ಬದಿ ಹಾಕಿದ್ದ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತೆ.

ಶೈಲಜಾ ಚೆಂಡು ಬಡಿಯುತ್ತ ಓಡಿ ಬರುತ್ತಿದ್ದಳು. ನನ್ನ ತಲೆಗೆ ಸುತ್ತಿದ ಪಟಕ ಆಕೆಗೆ ಕಂಡಿತು. ನಮ್ಮ ಮನೆಗಳಲ್ಲಿ ಹೊಸ ಸೊಸೆ ಮಾವನೊಡನೆ ಮಾತಾಡುವುದಿಲ್ಲ. ಎದುರಾದರೆ ಸೆರಗು ಹೊದ್ದು ಬದಿಗೆ ಸರಿಯುತ್ತಾಳೆ. ಈಕೆ ಅಲ್ಲಿಯೂ ಸರಿದೇಬಿಟ್ಟಳು! ಚೆಂಡು ಬಿಟ್ಟು ಎರಡೂ ಕೈ ತಲೆಗೆ ಹೋದವು. ನಂಬರ್ ಹಾಕಿದ ಅಂಗಿಗೆ ಸೆರಗು ಎಲ್ಲಿಂದ ಬರಬೇಕು? ಚೆಂಡು ಎದುರಿನವರ ಪಾಲಾಯಿತು. ಮತ್ತೊಮ್ಮೆಯೂ ಹಾಗೆಯೇ ಆಯಿತು. ಜೊತೆಗಾತಿ ಲಗಮವ್ವ ಚೀರಿದಳು: "ಏ ಶೈಲಾ, ಚೆಂಡ ಹಿಡಿಯವ್ವಾ! ಮಾವಾರಿಗೆ ಮರ್ಯಾದಿ ಆಮ್ಯಾಲ ಕೊಡುವಿಯಂತ!"

ಸಭಿಕರೇ, ನಾನೇನು ಮಾಡಬೇಕಿತ್ತು? ಎದ್ದು ಹೋದರೆ ಮಾವ ಸಿಟ್ಟಾದನೆಂದು ಆಕೆ ಎದೆಗುಂದುತ್ತಾಳೆ. ಕೂತರೆ ತಂಡ ಸೋಲುತ್ತದೆ. ಕುರ್ಚಿ ತಿರುಗಿಸಿ, ಆಟಕ್ಕೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತೆ. ಪಕ್ಕದವನನ್ನು ಕೇಳುತ್ತಿದ್ದೆ.

"ಏನಾತೋ?"

"ಬಿತ್ತರಿ ಕಾಕಾರ!"

"ಯಾರದು?"

"ನಿಮ್ಮ ಸೊಸೀದ!"

ನಾನು ಗೋಡೆಗೆ ಚಪ್ಪಾಳೆ ತಟ್ಟುತ್ತಿದ್ದೆ. ಯಾವ ಗೋಡೆಗೂ ಅಷ್ಟು ಚಪ್ಪಾಳೆ ಸಿಕ್ಕಿರಲಿಕ್ಕಿಲ್ಲ.

ಕೊನೆಗೊಮ್ಮೆ ಎಲ್ಲ ಕೂಗಾಟ ನಿಂತಿತು. ಎರಡೂ ಕಡೆ ಸರಿಸಮ ಎಂದು ಹೇಳಿದ ಪಕ್ಕದವನೂ ಸುಮ್ಮನಾದ. ಚೆಂಡು ಕಬ್ಬಿಣದ ಬಳೆಗೆ ಬಡಿದ ಸದ್ದಾಯಿತು. ಒಳಗೆ ಬಿತ್ತೋ, ಹೊರಗೆ ಹಾರಿತೋ? ತಿರುಗಿ ನೋಡುವಂತಿಲ್ಲ. ಅಂಥ ಸಂಕಟ ಶತ್ರುವಿಗೂ ಬೇಡ. ಆಗ ಬೆನ್ನ ಹಿಂದೆ ಒಂದು ದನಿ:

"ಮಾವಾರ, ಗೆದ್ದಿವ್ರಿ! ಹೊಳ್ಳಿ ನೋಡ್ರಿ!"

ಆ ದನಿ ನನಗೆ ಹೊಸದು. ಮನೆ ತುಂಬಿ ಅಷ್ಟು ತಿಂಗಳಾದರೂ ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು. ಹೊಳ್ಳಿ ನೋಡಿದೆ. ಬೆವರು ಸುರಿಸುತ್ತ, ತಲೆ ಎತ್ತಿ, ನನ್ನೆದುರೇ ನಗುತ್ತ ನಿಂತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ, ಸಭಿಕರೇ. ಆವತ್ತು ಒಬ್ಬಳು ಸಿಕ್ಕಳು.

ಇಷ್ಟೇ ನಾನು ಬಲ್ಲ ಇತಿಹಾಸ. ಸಮಾಧಾನದಿಂದ ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.